ಬಚ್ಚಲಮನಿಯ ನೀಲಿ ಉರಿ: ಬುನ್ಸೆನ್ ಮಾಸ್ತರ ಬದುಕು

ನಾವು ಮೂವರು ಒಂದೇ ರೂಮಿನವರು. ಒಬ್ಬ ಸಿಂಧನೂರಿನವ, ಒಬ್ಬ ಲಿಂಗಸುಗೂರಿನವ, ಇನ್ನೊಬ್ಬ ಮಸ್ಕಿಯವ. ನಮ್ಮ ಕಡೆ ಬ್ಯಾಸಗಿ ಹೆಂಗಿರುತ್ತೆ ಅಂತ ಗೊತ್ತಲ್ಲ, ಮಧ್ಯಾಹ್ನ ನಲ್ಲಿ ತಿರುವಿದ್ರೆ ಬಿಸಿನೀರೇ ಬರುತ್ತೆ. ಆದ್ರೆ ಡಿಸೆಂಬರ್, ಜನವರಿಯ ಬೆಳಗ್ಗೆ ಮೊದಲನೇ ಕ್ಲಾಸಿಗೆ ಓಡಬೇಕಾದವನಿಗೆ ತಣ್ಣೀರು ಮೈಮೇಲೆ ಹಾಕ್ಕೊಳ್ಳೋ ಧೈರ್ಯ ಬರಲ್ಲ. ಊರಲ್ಲಾದ್ರೆ ಬಚ್ಚಲಮನಿಯಲ್ಲಿ ಹಂಡೆ ಇರುತ್ತೆ, ಕೆಳಗೆ ಒಲಿ, ಒಲಿಗೆ ಹತ್ತಿಕಟಗಿ, ತೊಗರಿಕಟಗಿ. ಹೊಗೆ ತುಂಬಿದ್ರೆ ಕಣ್ಣು ಉರಿದು ನಾವೇ ಹೊರಗೆ ಓಡಿ ಬರ್ತಿದ್ವಿ. ಬಾಡಿಗೆ ರೂಮಿನಲ್ಲಿ ಹಂಡೆಯೂ ಇಲ್ಲ, ಹೊಗೆಯೂ ಇಲ್ಲ. ಬಚ್ಚಲ ಗೋಡೆಗೆ ಒಂದು ಗ್ಯಾಸ್ ಗೀಸರ್, ಅಷ್ಟೇ.

ಹೋದ ಚಳಿಗಾಲದ ಒಂದು ಬೆಳಗ್ಗೆ ನಮ್ಮ ಲಿಂಗಸುಗೂರಿನ ಗೆಳೆಯ ಜಳಕಕ್ಕೆ ಹೋದ. ತಣ್ಣನೆ ಗಾಳಿ ಬರುತ್ತೆ ಅಂತ ಬಚ್ಚಲ ಕಿಂಡಿಗೆ ಹಿಂದಿನ ದಿನ ನಾವೇ ರಟ್ಟು ಹಚ್ಚಿದ್ವಿ. ಇಪ್ಪತ್ತು ನಿಮಿಷ ಆದ್ರೂ ಅವ ಬರಲಿಲ್ಲ. ಕೂಗಿದ್ವಿ, ಬಾಗಿಲು ಬಡಿದ್ವಿ. ಒಳಗೆ ನೀರು ಬೀಳೋ ಸಪ್ಪಳ ಬಿಟ್ರೆ ಬೇರೆ ಏನೂ ಕೇಳಲಿಲ್ಲ. ಚಿಲಕ ಮುರಿದು ನೋಡಿದ್ರೆ ಅವ ನೆಲಕ್ಕೆ ಒರಗಿದ್ದ. ಹೊರಗೆ ಎಳೆದು ತಂದು ಮಾಳಿಗೆಯ ಗಾಳಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿದ್ವಿ. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟ ಮೇಲೆ ಸಂಜೆಯ ಹೊತ್ತಿಗೆ ಸರಿಯಾಗಿ ಮಾತಾಡಿದ. ಡಾಕ್ಟರು ಹೇಳಿದ ಕಾರಣ ಕಾರ್ಬನ್ ಮೊನಾಕ್ಸೈಡ್.

ಆ ಹೆಸರು ನಮಗೆ ಹೊಸದಲ್ಲ. ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ಅಪೂರ್ಣ ದಹನದ ಬಗ್ಗೆ ಬರೆದು ಮಾರ್ಕ್ಸ್ ತಗೊಂಡವರು ನಾವು. ಪಿಯುಸಿ ಲ್ಯಾಬಿನಲ್ಲಿ ಬುನ್ಸೆನ್ ಬರ್ನರಿನ ಗಾಳಿ ತೂತು ಮುಚ್ಚಿ ತೆಗೆದು, ಹಳದಿ ಉರಿ ನೀಲಿ ಆಗೋದನ್ನು ನೋಡಿದವರು. ಗೀಸರಿನೊಳಗೆ ಸಾಲಾಗಿ ಉರಿಯೋದು ಅದೇ ಬರ್ನರಿನ ಮರಿಗಳು ಅನ್ನೋದು ಮಾತ್ರ ನಮಗೆ ಹೊಳೆದಿರಲಿಲ್ಲ. ಅದಕ್ಕೇ ಈ ಸಂಚಿಕೆಗೆ ಆ ಬರ್ನರಿನ ಹೆಸರಿನ ಹಿಂದಿರುವ ಮನುಷ್ಯನ ಬದುಕನ್ನು ಬರೆಯೋಣ ಅಂತ ಕೂತ್ವಿ. ಓದ್ತಾ ಹೋದಂತೆ ಗೊತ್ತಾಯ್ತು, ನಮ್ಮ ಬಚ್ಚಲಿಗೆ ಸಂಬಂಧಿಸಿದ ಹೆಚ್ಚುಕಡಿಮೆ ಎಲ್ಲವನ್ನೂ ಆ ಮಾಸ್ತರು ಮೊದಲೇ ನೋಡಿಟ್ಟಿದ್ರು.

ರಾಬರ್ಟ್ ವಿಲ್ಹೆಲ್ಮ್ ಬುನ್ಸೆನ್ ಹುಟ್ಟಿದ್ದು 1811ರ ಮಾರ್ಚ್ ಕೊನೆಯಲ್ಲಿ, ಜರ್ಮನಿಯ ಗೊಟ್ಟಿಂಗೆನ್ ಊರಿನಲ್ಲಿ. ನಾಲ್ಕು ಗಂಡುಮಕ್ಕಳಲ್ಲಿ ಇವರೇ ಕೊನೆಯವರು. ತಂದೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಗ್ರಂಥಪಾಲಕರು, ಭಾಷೆಗಳನ್ನು ಕಲಿಸುವ ಪ್ರಾಧ್ಯಾಪಕರು. ಮಗ ಅದೇ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ 1831ರಲ್ಲಿ ಡಾಕ್ಟರೇಟ್ ಪಡೆದರು. ಆಗ ಅವರ ವಯಸ್ಸು ಈಗ ನಮ್ಮ ಕ್ಲಾಸಿನವರ ವಯಸ್ಸು, ಇಪ್ಪತ್ತರ ಆಸುಪಾಸು. ಆಮೇಲೆ ಸರಕಾರದ ನೆರವಿನಿಂದ ಜರ್ಮನಿ, ಫ್ರಾನ್ಸ್, ಆಸ್ಟ್ರಿಯಾ ಸುತ್ತಿದರು. ಹೋದಲ್ಲೆಲ್ಲ ಕಾರ್ಖಾನೆ, ಗಣಿ, ಪ್ರಯೋಗಾಲಯ ನೋಡಿಕೊಂಡು ಬಂದರು. ನಾವು ಇಂಡಸ್ಟ್ರಿಯಲ್ ವಿಸಿಟ್ ಅಂತ ಒಂದು ದಿನ ಹೋಗಿ ಫೋಟೋ ತೆಗೆಸಿಕೊಂಡು ಬರ್ತೀವಲ್ಲ, ಅವರು ಅದನ್ನೇ ವರ್ಷಗಟ್ಟಲೆ ಮಾಡಿದರು.

ಊರಿಗೆ ಮರಳಿ ಪಾಠ ಮಾಡಲು ಶುರು ಮಾಡಿದ ಮೇಲೆ ಅವರ ಮೊದಲ ದೊಡ್ಡ ಕೆಲಸ ವಿಷದ ಬಗ್ಗೆ. ಬೆರ್ತೋಲ್ಡ್ ಎಂಬ ವೈದ್ಯರ ಜತೆ ಸೇರಿ, ಹೊಸದಾಗಿ ತಯಾರಿಸಿದ ಕಬ್ಬಿಣದ ಹೈಡ್ರಾಕ್ಸೈಡ್ ಆರ್ಸೆನಿಕ್ ವಿಷಕ್ಕೆ ಮದ್ದಾಗುತ್ತೆ ಅಂತ 1834ರಲ್ಲಿ ತೋರಿಸಿದರು. ಆ ವಿಷ ಕೆಲವೇ ವರ್ಷಗಳಲ್ಲಿ ಅವರನ್ನೇ ಹುಡುಕಿಕೊಂಡು ಬಂತು. 1836ರಲ್ಲಿ ಕಾಸೆಲ್ ಊರಿನ ಪಾಲಿಟೆಕ್ನಿಕ್ ಶಾಲೆಗೆ ಸೇರಿದ ಮೇಲೆ ಕಾಕೊಡಿಲ್ ಎಂಬ ಆರ್ಸೆನಿಕ್ ಸಂಯುಕ್ತಗಳ ಬೆನ್ನು ಹತ್ತಿದರು. ಆ ಸಂಯುಕ್ತಗಳ ವಾಸನೆ ಸಹಿಸಲಾಗದ್ದು, ಕೆಲವು ಗಾಳಿ ತಾಗಿದ್ರೆ ತಾವೇ ಹೊತ್ತಿಕೊಳ್ಳುತ್ತವೆ. ಈ ಕೆಲಸದಲ್ಲಿ ಒಂದು ಸ್ಫೋಟವಾಗಿ ಬುನ್ಸೆನ್ ಬಲಗಣ್ಣಿನ ದೃಷ್ಟಿ ಕಳೆದುಕೊಂಡರು. ವಿಷವೇರಿ ಸಾಯುವ ಸ್ಥಿತಿಗೂ ಹೋಗಿದ್ದರು. ತಾವೇ ಕಂಡುಹಿಡಿದ ಮದ್ದಿನಿಂದ ಬದುಕಿಕೊಂಡರು ಅಂತ ಅವರ ಜೀವನ ಬರೆದವರು ಹೇಳ್ತಾರೆ.

ಗಾಳಿಯಲ್ಲಿ ಸೇರಿರುವ, ಕಣ್ಣಿಗೆ ಕಾಣದ ವಸ್ತು ಮನುಷ್ಯನನ್ನು ಏನು ಮಾಡಬಲ್ಲದು ಅನ್ನೋದು ಅವರಿಗೆ ಹೀಗೆ ಮೈಯಿಂದಲೇ ಗೊತ್ತಾಯ್ತು. ಆಮೇಲಿನ ಅವರ ಕೆಲಸದಲ್ಲಿ ಗಾಳಿಯ ಲೆಕ್ಕ ಮತ್ತೆಮತ್ತೆ ಬರುತ್ತೆ.

1839ರಲ್ಲಿ ಮಾರ್‌ಬುರ್ಗ್ ವಿಶ್ವವಿದ್ಯಾಲಯಕ್ಕೆ ಹೋದರು. ಬ್ಯಾಟರಿಯಲ್ಲಿ ದುಬಾರಿ ಪ್ಲಾಟಿನಂ ಬದಲು ಇಂಗಾಲ ಬಳಸಿ 1841ರಲ್ಲಿ ಅಗ್ಗದ ಬ್ಯಾಟರಿ ಮಾಡಿದರು. ಅದೇ ಕಾಲದಲ್ಲಿ ಕಬ್ಬಿಣದ ಊದುಕುಲುಮೆಗಳ ಬಗ್ಗೆಯೂ ಅಧ್ಯಯನ ನಡೆಸಿದ್ದರು. ಕುಲುಮೆಯ ಬೇರೆ ಬೇರೆ ಎತ್ತರದಿಂದ ಗಾಳಿಯ ಮಾದರಿ ತೆಗೆದು, ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟು, ಕಾರ್ಬನ್ ಮೊನಾಕ್ಸೈಡ್ ಎಷ್ಟು ಅಂತ ಅಳೆದರು. ಜರ್ಮನಿಯ ಇದ್ದಿಲಿನ ಕುಲುಮೆಗಳಲ್ಲಿ ಇಂಧನದ ಶಾಖದ ಅರ್ಧದಷ್ಟು ಸುಮ್ಮನೆ ಹೊರಗೆ ಹೋಗುತ್ತಿತ್ತು. ಆಮೇಲೆ ಲಯನ್ ಪ್ಲೇಫೇರ್ ಜತೆ ಇಂಗ್ಲೆಂಡಿನ ಕುಲುಮೆಗಳನ್ನು ನೋಡಿದರೆ ಅಲ್ಲಿ ನಷ್ಟ 80 ಪ್ರತಿಶತಕ್ಕೂ ಹೆಚ್ಚು. ಆ ವರದಿ ಬಂದದ್ದು 1845ರಲ್ಲಿ. ಹೊರಗೆ ಹೋಗುವ ಗಾಳಿಯಲ್ಲಿ ಬಿಸಿಯೂ ಇದೆ, ಇನ್ನೂ ಉರಿಯದ ಕಾರ್ಬನ್ ಮೊನಾಕ್ಸೈಡೂ ಇದೆ, ಅದನ್ನು ಹಿಡಿದು ಮತ್ತೆ ಉರಿಸಿಕೊಳ್ಳಬಹುದು ಅನ್ನೋದು ಅದರ ಸಾರ. ಗಾಳಿ ಅಳೆಯುವ ಈ ವಿಧಾನಗಳನ್ನೆಲ್ಲ ಸೇರಿಸಿ 1857ರಲ್ಲಿ ಒಂದು ಪುಸ್ತಕ ತಂದರು. ಇಡೀ ಬದುಕಿನಲ್ಲಿ ಅವರು ಬರೆದ ಪುಸ್ತಕ ಅದೊಂದೇ.

ಗೀಸರ್ ಅನ್ನೋ ಹೆಸರಿನ ಕಥೆ ಇನ್ನೂ ಸ್ವಾರಸ್ಯ. 1845ರಲ್ಲಿ ಐಸ್‌ಲ್ಯಾಂಡಿನ ಹೆಕ್ಲಾ ಜ್ವಾಲಾಮುಖಿ ಸಿಡಿಯಿತು. ಮರುವರ್ಷ ಡೆನ್ಮಾರ್ಕ್ ಸರಕಾರದ ನೆರವಿನಲ್ಲಿ ಹೊರಟ ತಂಡದಲ್ಲಿ ಬುನ್ಸೆನ್ ಇದ್ದರು. ಆ ದ್ವೀಪದಲ್ಲಿ ನೆಲದಿಂದ ಬಿಸಿನೀರು ಆಗಾಗ ಕಾರಂಜಿಯಂತೆ ಚಿಮ್ಮುವ ಒಂದು ಬುಗ್ಗೆ ಇದೆ. ಅದರ ಹೆಸರು ಗೈಸಿರ್. ನೆಲದೊಳಗೆ ದೊಡ್ಡ ಗವಿ ಇದೆ, ಅಲ್ಲಿ ಆವಿ ತುಂಬಿಕೊಂಡು ನೀರನ್ನು ನೂಕುತ್ತೆ ಅಂತ ಆಗ ನಂಬಿದ್ದರು. ಬುನ್ಸೆನ್ ಬುಗ್ಗೆಯ ಬಾಯಿಂದ ಥರ್ಮಾಮೀಟರ್ ಇಳಿಬಿಟ್ಟು, ಬೇರೆ ಬೇರೆ ಆಳದಲ್ಲಿ ಉಷ್ಣತೆ ಅಳೆದರು. ಯಾವ ಗಳಿಗೆಯಲ್ಲಿ ಚಿಮ್ಮುತ್ತೋ ಗೊತ್ತಿಲ್ಲದ ಬುಗ್ಗೆಯ ದಡದಲ್ಲಿ ನಿಂತು ಮಾಡಿದ ಕೆಲಸ ಇದು.

ತಳದಲ್ಲಿ ನೀರು 120 ಡಿಗ್ರಿಗೂ ಹೆಚ್ಚು ಬಿಸಿ ಇತ್ತು, ಆದರೂ ಕುದಿಯುತ್ತಿರಲಿಲ್ಲ. ಕಾರಣ ನಮಗೆ ಅಡುಗೆಮನೆಯಿಂದಲೇ ಗೊತ್ತು. ಕುಕ್ಕರಿನೊಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಸುಮ್ಮನಿರುತ್ತೆ. ಬುಗ್ಗೆಯಲ್ಲಿ ಕುಕ್ಕರಿನ ಮುಚ್ಚಳದ ಕೆಲಸ ಮಾಡೋದು ಮೇಲೆ ನಿಂತ ನೀರಿನ ಭಾರ. ಕೆಳಗಿನ ನೀರು ಹೇಗೋ ಸ್ವಲ್ಪ ಮೇಲೆ ಬಂದರೆ ಭಾರ ಕಡಿಮೆಯಾಗಿ ಅದು ತಟ್ಟನೆ ಕುದಿಯುತ್ತೆ, ಆ ಆವಿ ಮೇಲಿನ ನೀರನ್ನು ಎತ್ತಿ ಹಾಕುತ್ತೆ, ಆಗ ಕೆಳಗಿನ ಭಾರ ಇನ್ನೂ ಇಳಿದು ಕೊಳವೆಯಲ್ಲಿದ್ದ ನೀರೆಲ್ಲ ಚಿಮ್ಮುತ್ತೆ. ಇದನ್ನು ಬಾಯಲ್ಲಿ ಹೇಳಿ ಬಿಡಲಿಲ್ಲ. ಉದ್ದನೆ ಕೊಳವೆಯ ಮೇಲೆ ಒಂದು ತಟ್ಟೆ ಕೂರಿಸಿ, ತಳಕ್ಕೂ ನಡುವಿಗೂ ಬಿಸಿ ಕೊಟ್ಟು, ಕೃತಕ ಬುಗ್ಗೆಯನ್ನೇ ಚಿಮ್ಮಿಸಿ ತೋರಿಸಿದರು.

1852ರಲ್ಲಿ ಬುನ್ಸೆನ್ ಹೈಡಲ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಬಂದರು. ಆಮೇಲೆ ಕೊನೆತನಕ ಅಲ್ಲೇ ಉಳಿದರು. ಅವರಿಗಾಗಿ ಹೊಸ ಪ್ರಯೋಗಾಲಯ ಕಟ್ಟಲಾಗುತ್ತಿತ್ತು, ಅದಕ್ಕೆ ಕಲ್ಲಿದ್ದಲ ಗ್ಯಾಸಿನ ಪೈಪು ಬರಲಿತ್ತು. ಆಗಿನ ಗ್ಯಾಸ್ ದೀಪಗಳ ಉರಿ ಹಳದಿ. ಬೆಳಕಿಗೆ ಅದು ಸರಿ, ಕೆಮಿಸ್ಟ್ರಿಗೆ ಸರಿಯಿಲ್ಲ. ಪಾತ್ರೆಗೆ ಮಸಿ ಹಿಡಿಯುತ್ತೆ, ಶಾಖ ಸಾಲದು, ಉರಿಯ ಬಣ್ಣವೇ ಪ್ರಯೋಗದ ಬಣ್ಣವನ್ನು ಮುಚ್ಚಿಬಿಡುತ್ತೆ. ಬುನ್ಸೆನ್ ತಮಗೆ ಬೇಕಾದ್ದನ್ನು ವಿಶ್ವವಿದ್ಯಾಲಯದ ಮೆಕ್ಯಾನಿಕ್ ಪೀಟರ್ ಡೆಸಾಗಾಗೆ ವಿವರಿಸಿದರು. ಗ್ಯಾಸಿಗೆ ಗಾಳಿ ಉರಿಯುವ ಜಾಗದಲ್ಲಿ ಸಿಗೋದರ ಬದಲು, ಉರಿಯುವ ಮೊದಲೇ ಬೆರೆಯಬೇಕು ಅನ್ನೋದು ವಿಚಾರ. ಡೆಸಾಗಾ ಅದನ್ನು ಲೋಹದಲ್ಲಿ ಮಾಡಿ ತಂದರು. ಸಣ್ಣ ತೂತಿನಿಂದ ರಭಸವಾಗಿ ಬರುವ ಗ್ಯಾಸು, ಬುಡದ ಕಿಂಡಿಗಳಿಂದ ಗಾಳಿಯನ್ನು ತಾನೇ ಒಳಗೆ ಎಳೆದುಕೊಳ್ಳುತ್ತೆ, ಕೊಳವೆಯಲ್ಲಿ ಎರಡೂ ಬೆರೆತು ತುದಿಯಲ್ಲಿ ನೀಲಿಯಾಗಿ ಉರಿಯುತ್ತವೆ. 1855ರ ಹೊತ್ತಿಗೆ ವಿದ್ಯಾರ್ಥಿಗಳ ಮೇಜಿನ ಮೇಲೆ ಈ ಬರ್ನರುಗಳು ಬಂದವು. ಗ್ಯಾಸು, ಗಾಳಿ ಬೆರೆಸಿ ಉರಿಸುವ ಯತ್ನ ಫ್ಯಾರಡೆಯಂಥವರಿಂದ ಮೊದಲೇ ನಡೆದಿತ್ತು. ಅದನ್ನು ದಿನಬಳಕೆಗೆ ನಿಲ್ಲುವಂತೆ ಮಾಡಿದವರು ಈ ಇಬ್ಬರು. ಬುನ್ಸೆನ್ ಅದಕ್ಕೆ ಪೇಟೆಂಟ್ ತಗೊಳ್ಳಲಿಲ್ಲ. ಹಾಗಾಗಿ ಯಾರು ಬೇಕಾದ್ರೂ ಮಾಡಿದರು, ಮಾರಿದರು.

ಹೀಗೆ ಬಿಡುಗಡೆಯಾದ ಉರಿ ಮನೆಗಳ ಕಡೆ ನಡೆಯಿತು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್ ಎಂಬುವರು ಗ್ಯಾಸಿನಿಂದ ಆಗಿಂದಾಗ್ಗೆ ನೀರು ಕಾಯಿಸುವ ಯಂತ್ರ ಮಾಡಿ, ಐಸ್‌ಲ್ಯಾಂಡಿನ ಆ ಬುಗ್ಗೆಯ ಹೆಸರನ್ನೇ ಇಟ್ಟರು. ಗೀಸರ್ ಹುಟ್ಟಿದ್ದು ಹೀಗೆ. ಅದಕ್ಕೆ ಸುಟ್ಟ ಗಾಳಿ ಹೊರಗೆ ಹೋಗಲು ಕೊಳವೆಯೇ ಇರಲಿಲ್ಲ. ಬುನ್ಸೆನ್ ಕುಲುಮೆಯ ಬಾಯಲ್ಲಿ ಇಪ್ಪತ್ತಮೂರು ವರ್ಷ ಮೊದಲೇ ಲೆಕ್ಕ ಹಾಕಿಟ್ಟಿದ್ದ ಸಂಗತಿ ಬಚ್ಚಲಮನಿಗೆ ಬರುವಾಗ ಮರೆತುಹೋಗಿತ್ತು. ನಮ್ಮ ರೂಮಿನಲ್ಲಿ ನಾವು ಮಾಡಿದ್ದೂ ಅದೇ ತಪ್ಪು.

ಈಗಿನ ಗೀಸರ್ ಒಳಗೆ ಏನಾಗುತ್ತೆ ನೋಡಿ. ನಲ್ಲಿ ತಿರುವಿದ ಕೂಡಲೇ ನೀರಿನ ಒತ್ತಡ ಒಂದು ರಬ್ಬರ್ ಪೊರೆಯನ್ನು ನೂಕುತ್ತೆ. ಅದು ಗ್ಯಾಸಿನ ವಾಲ್ವ್ ತೆಗೆಯುತ್ತೆ, ಬ್ಯಾಟರಿ ಸೆಲ್ಲಿನಿಂದ ಕಿಡಿ ಹಾರುತ್ತೆ, ಬರ್ನರಿನ ಸಾಲು ಹೊತ್ತಿಕೊಳ್ಳುತ್ತೆ. ಮೇಲೆ ತಾಮ್ರದ ಕೊಳವೆ, ಅದಕ್ಕೆ ತೆಳು ರೆಕ್ಕೆಗಳು. ಅದರೊಳಗೆ ಹರಿಯುವ ನೀರು ಬಿಸಿಯಾಗಿ ಹೊರಗೆ ಬರುತ್ತೆ. ಉರಿ ಆರಿದರೆ ಗ್ಯಾಸು ನಿಲ್ಲಿಸುವ ಸಾಧನವೂ ಇರುತ್ತೆ.

ಚಳಿ ದೇಶಗಳ ಮನೆಗಳಲ್ಲಿ ಇದಕ್ಕೊಬ್ಬ ಅಣ್ಣ ಇದ್ದಾನೆ, ಗ್ಯಾಸ್ ಬಾಯ್ಲರ್. ಅಲ್ಲಿ ಬರ್ನರ್ ಕಾಯಿಸಿದ ನೀರನ್ನು ಪಂಪು ಕೋಣೆ ಕೋಣೆಯ ರೇಡಿಯೇಟರುಗಳಿಗೆ ಸುತ್ತಿಸುತ್ತೆ. ಅದು ಕೋಣೆಗೆ ಶಾಖ ಕೊಟ್ಟು ತಣ್ಣಗಾಗಿ ಮತ್ತೆ ಬಾಯ್ಲರಿಗೇ ಬರುತ್ತೆ. ಯಾರಾದರೂ ಬಿಸಿನೀರಿನ ನಲ್ಲಿ ತಿರುವಿದರೆ ಒಂದು ವಾಲ್ವ್ ಆ ಸುತ್ತುನೀರಿನ ದಾರಿ ಬದಲಿಸಿ ತೆಳು ಲೋಹದ ತಗಡುಗಳ ಕಟ್ಟಿಗೆ ಕಳಿಸುತ್ತೆ. ತಗಡಿನ ಒಂದು ಬದಿ ಸುತ್ತುನೀರು, ಇನ್ನೊಂದು ಬದಿ ನಲ್ಲಿನೀರು. ಎರಡೂ ಬೆರೆಯುವುದಿಲ್ಲ, ಶಾಖ ಮಾತ್ರ ದಾಟುತ್ತೆ. ಹೊಸ ಬಾಯ್ಲರುಗಳು ಹೊಗೆಯನ್ನೂ ಬಿಡುವುದಿಲ್ಲ. ಮರಳಿ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಹೊಗೆಯಲ್ಲಿನ ನೀರಾವಿ ಹನಿಯಾಗುತ್ತೆ, ಆಗ ಅದರ ಗುಪ್ತೋಷ್ಣವೂ ನೀರಿಗೆ ಸಿಗುತ್ತೆ. ಹೊರಗೆ ಹೋಗುವ ಶಾಖವನ್ನು ಹಿಡಿಯಿರಿ ಅನ್ನೋ ಕುಲುಮೆಯ ಪಾಠವೇ ಇದು. ಇಂಥ ಬಾಯ್ಲರಿನ ಉರಿಯ ಪೆಟ್ಟಿಗೆ ಪೂರ್ತಿ ಮುಚ್ಚಿರುತ್ತೆ. ಉರಿಗೆ ಬೇಕಾದ ಗಾಳಿ ಗೋಡೆಯಾಚೆಯಿಂದ ಕೊಳವೆಯಲ್ಲಿ ಬರುತ್ತೆ, ಸುಟ್ಟ ಗಾಳಿ ಕೊಳವೆಯಲ್ಲೇ ಆಚೆ ಹೋಗುತ್ತೆ. ಮನೆಯವರು ಉಸಿರಾಡುವ ಗಾಳಿಗೂ ಉರಿಗೂ ಸಂಬಂಧವೇ ಇಲ್ಲ.

ನಮ್ಮ ಗೀಸರಿಗೆ ಈ ಭಾಗ್ಯ ಇರಲಿಲ್ಲ. ಬುನ್ಸೆನ್ ಮಾಸ್ತರ ದಾರಿಯಲ್ಲೇ ನಾವು ಲೆಕ್ಕ ಹಾಕಿದ್ವಿ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಏರಿಸಲು ಸುಮಾರು 10.5 ಕಿಲೋವ್ಯಾಟ್ ಬೇಕು. ಬಕೆಟ್ಟಿಗೆ ಹಾಕುವ 1.5 ಕಿಲೋವ್ಯಾಟಿನ ಹೀಟರ್ ರಾಡುಗಳು ಏಳು ಸೇರಿದಷ್ಟು. ದಕ್ಷತೆ 85 ಪ್ರತಿಶತ ಅಂತ ಇಟ್ಟುಕೊಂಡರೆ ನಿಮಿಷಕ್ಕೆ 16 ಗ್ರಾಂ ಎಲ್‌ಪಿಜಿ ಉರಿಯುತ್ತೆ. ಅದಕ್ಕೆ ಬೇಕಾದ ಗಾಳಿ ನಿಮಿಷಕ್ಕೆ 200 ಲೀಟರಿಗೂ ಹೆಚ್ಚು. ನಮ್ಮ ಬಚ್ಚಲಮನಿ 4 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರ. ಅಂದರೆ ಅದರಲ್ಲಿರುವ ಒಟ್ಟು ಗಾಳಿ ಸುಮಾರು 5400 ಲೀಟರ್. ಎಲ್ಲ ಕಿಂಡಿ ಮುಚ್ಚಿದರೆ, ಉರಿ ಹಾಗೇ ಮುಂದುವರಿದರೆ, ಹತ್ತು ನಿಮಿಷಕ್ಕೆ ಆಕ್ಸಿಜನ್ 21 ಪ್ರತಿಶತದಿಂದ 13ರ ಹತ್ತಿರ ಇಳಿಯುತ್ತೆ. ಅದಕ್ಕೆ ಎಷ್ಟೋ ಮೊದಲೇ ಉರಿ ಹದಗೆಟ್ಟು ಕಾರ್ಬನ್ ಮೊನಾಕ್ಸೈಡ್ ಉಗುಳಲು ಶುರು ಮಾಡುತ್ತೆ. ಆ ಗ್ಯಾಸು ರಕ್ತದ ಹಿಮೋಗ್ಲೋಬಿನ್ನಿಗೆ ಆಕ್ಸಿಜನ್ನಿಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತೆ.

ಗ್ಯಾಸ್ ವಾಸನೆ ಬಂದರೆ ಗೊತ್ತಾಗುತ್ತಲ್ಲ ಅಂತ ನಾವು ಧೈರ್ಯವಾಗಿದ್ವಿ. ಸಿಲಿಂಡರ್ ಗ್ಯಾಸಿಗೆ ವಾಸನೆ ಬರಲಿ ಅಂತ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ, ನಿಜ. ಆದ್ರೆ ಗ್ಯಾಸು ಉರಿಯುವಾಗ ಅದೂ ಉರಿದುಹೋಗುತ್ತೆ. ಉಳಿಯುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅವ್ವನ ಒಲಿಯ ಹೊಗೆ ಕಣ್ಣಿಗೆ ಚುಚ್ಚಿ ಹೊರಗೆ ಓಡಿಸುತ್ತಿತ್ತು. ಈ ಗ್ಯಾಸು ತಲೆ ಭಾರ ಮಾಡಿ, ಕಾಲಿನ ಶಕ್ತಿ ಕಸಿದು, ಇದ್ದಲ್ಲೇ ಕೂರಿಸುತ್ತೆ.

ಬುನ್ಸೆನ್ ಕಥೆ ಬರ್ನರಿಗೆ ಮುಗಿಯಲಿಲ್ಲ. ತನ್ನದೇ ಬಣ್ಣವಿಲ್ಲದ ಆ ಉರಿ ಅವರಿಗೆ ಹೊಸ ದಾರಿ ತೆರೆಯಿತು. ಗೆಳೆಯ ಕಿರ್ಕಾಫ್ ಜತೆ ಸೇರಿ, ಉರಿಗೆ ಹಾಕಿದ ಲವಣಗಳ ಬೆಳಕನ್ನು ಪಟ್ಟಕದಲ್ಲಿ ಬಿಡಿಸಿ ನೋಡಿದರು. ನಾವು ಸರ್ಕ್ಯೂಟಿನಲ್ಲಿ ದಿನಾ ಹೆಸರು ಹೇಳುವ ಕಿರ್ಕಾಫ್ ಇವರೇ. ಪ್ರತಿಯೊಂದು ಧಾತುವಿಗೂ ತನ್ನದೇ ಗೆರೆಗಳಿವೆ ಅಂತ ಗೊತ್ತಾದ ಮೇಲೆ, 1860ರಲ್ಲಿ ಒಂದು ಊರಿನ ಖನಿಜ ನೀರಿನಲ್ಲಿ ಯಾರೂ ಕಾಣದ ನೀಲಿ ಗೆರೆಗಳು ಕಂಡವು. ಅದು ಸೀಸಿಯಂ. ಕೆಲವೇ ಗ್ರಾಂ ಲವಣಕ್ಕಾಗಿ ಸುಮಾರು 40 ಟನ್ ನೀರನ್ನು ಇಂಗಿಸಬೇಕಾಯ್ತು. ಮರುವರ್ಷ ಕೆಂಪು ಗೆರೆಗಳ ರುಬಿಡಿಯಂ ಸಿಕ್ಕಿತು. ಸೂರ್ಯನಲ್ಲಿ ಯಾವ ಧಾತುಗಳಿವೆ ಅಂತ ಭೂಮಿಯಲ್ಲಿ ಕೂತು ಹೇಳುವುದು ಈ ಕೆಲಸದಿಂದ ಸಾಧ್ಯವಾಯ್ತು.

ಅವರ ಲ್ಯಾಬಿಗೆ ದೇಶದೇಶದಿಂದ ಹುಡುಗರು ಬಂದರು. ಆವರ್ತ ಕೋಷ್ಟಕದ ಮೆಂಡಲೀವ್ ಹೈಡಲ್‌ಬರ್ಗಿನಲ್ಲಿ ಎರಡು ವರ್ಷ ಇದ್ದರು. ಕೊನೆಗಾಲದ ಶಿಷ್ಯರಲ್ಲಿ ಒಬ್ಬರು ಆವರ್ ಫಾನ್ ವೆಲ್ಸ್‌ಬಾಖ್. ಬುನ್ಸೆನ್ ಉರಿಯ ಮೇಲೆ ಲವಣದಲ್ಲಿ ಅದ್ದಿದ ಬಲೆ ಹಿಡಿದರೆ ಅದು ಬೆಳ್ಳಗೆ ಬೆಳಗುತ್ತೆ ಅಂತ ಕಂಡು, 1885ರಲ್ಲಿ ಗ್ಯಾಸ್ ಮ್ಯಾಂಟಲ್ ಮಾಡಿದವರು ಇವರು. ನಮ್ಮ ಊರುಗಳ ಮದುವೆ ಮೆರವಣಿಗೆಯಲ್ಲಿ, ಬಯಲಾಟದಲ್ಲಿ ತಲೆಮೇಲೆ ಹೊತ್ತು ತರುತ್ತಿದ್ದ ಪೆಟ್ರೋಮ್ಯಾಕ್ಸಿನೊಳಗಿನ ಬಲೆ ಅದೇ.

ಬುನ್ಸೆನ್ ಮದುವೆಯಾಗಲಿಲ್ಲ. 1889ರಲ್ಲಿ, 78ನೇ ವಯಸ್ಸಿನಲ್ಲಿ ಪಾಠ ನಿಲ್ಲಿಸಿ, ತಮ್ಮ ಹಳೆಯ ಪ್ರೀತಿಯಾದ ಭೂವಿಜ್ಞಾನದ ಕಡೆ ಹೊರಳಿದರು. 1899ರ ಆಗಸ್ಟ್ 16ರಂದು ಹೈಡಲ್‌ಬರ್ಗಿನಲ್ಲೇ ತೀರಿಕೊಂಡರು. ಆಗ ಅವರಿಗೆ 88 ವರ್ಷ. ಆ ಊರಿನಲ್ಲಿ ಅವರ ಪ್ರತಿಮೆ ಇದೆ.

ಹೆಸರಿನ ವಿಷಯದಲ್ಲಿ ನಮ್ಮ ಮಸ್ಕಿಯವ ಒಂದು ಮಾತು ತೆಗೆದ. ಅವನೂರಿನ ಬಂಡೆಯ ಮೇಲಿನ ಶಾಸನವನ್ನು 1915ರಲ್ಲಿ ಕಂಡವರು ಬೀಡನ್ ಎಂಬ ಗಣಿ ಎಂಜಿನಿಯರ್. ದೇವಾನಾಂಪ್ರಿಯ ಅನ್ನೋ ಬಿರುದಿನ ರಾಜ ಅಶೋಕನೇ ಅಂತ ಗಟ್ಟಿಯಾದದ್ದು ಅಲ್ಲಿ ಸಿಕ್ಕ ಹೆಸರಿನಿಂದ. ಬುನ್ಸೆನ್ ವಿಷಯದಲ್ಲಿ ತಿರುವುಮುರುವು. ಹೆಸರು ಎಲ್ಲರಿಗೂ ಗೊತ್ತು, ಮಾಡಿದ ಕೆಲಸ ಒಂದು ಲ್ಯಾಬ್ ಸಾಮಾನಿನ ಕೆಳಗೆ ಮುಚ್ಚಿಹೋಗಿದೆ. ಗಾಳಿಯ ಲೆಕ್ಕ ಇಡುವ ಆ ಬುದ್ಧಿ ನಮ್ಮ ಊರುಗಳಲ್ಲೂ ಇದೆ. ಸಿಂಧನೂರಿನ ರೈಸ್ ಮಿಲ್ಲುಗಳಲ್ಲಿ ಭತ್ತದ ಹೊಟ್ಟು ಉರಿಸುವ ಬಾಯ್ಲರಿಗೆ ಎತ್ತರದ ಚಿಮಣಿ ಇರುತ್ತೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ನೆಲದಾಳಕ್ಕೆ ಗಾಳಿ ಕಳಿಸುವ ವ್ಯವಸ್ಥೆ ಇಲ್ಲದೆ ಕೆಲಸ ನಡೆಯಲ್ಲ. ಚಿಮಣಿಯೂ ಇಲ್ಲದ, ಗಾಳಿಯೂ ಬಾರದ ಜಾಗ ನಮ್ಮ ಬಚ್ಚಲಮನಿ ಒಂದೇ ಆಗಿತ್ತು.

ಗೀಸರ್ ಇರುವ ರೂಮಿನ ಗೆಳೆಯ ಗೆಳತಿಯರೇ, ಇವತ್ತೇ ಒಂದು ಸಲ ಹೋಗಿ ನೋಡಿ. ಗೀಸರ್, ಸಿಲಿಂಡರ್ ಎರಡೂ ಬಚ್ಚಲ ಹೊರಗೆ ಗಾಳಿಯಾಡುವ ಕಡೆ ಇರಲಿ, ಪೈಪು ಮಾತ್ರ ಒಳಗೆ ಬರಲಿ. ಅಲ್ಲಿಯ ತನಕ ಬಾಗಿಲು ತೆಗೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಗಾಳಿ ಆಡಿದ ಮೇಲೆ ಜಳಕ ಮಾಡಿ. ಕಿಂಡಿ ಮುಚ್ಚಬೇಡಿ. ಉರಿ ಹಳದಿಯಾದರೆ ಬಳಸೋದು ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಸಿ. ನೀಲಿ ಉರಿ ಇದ್ದ ಮಾತ್ರಕ್ಕೆ ಮುಚ್ಚಿದ ಕೋಣೆ ಸುರಕ್ಷಿತ ಅಂತ ತಿಳಿಯಬೇಡಿ. ತಲೆ ಸುತ್ತಿದರೆ ಹೊರಗೆ ಬನ್ನಿ, ಒಳಗೆ ಯಾರಾದರೂ ಬಿದ್ದಿದ್ದರೆ ಬಾಗಿಲು ತೆಗೆದು, ಗ್ಯಾಸು ಆರಿಸಿ, ಅವರನ್ನು ಗಾಳಿಗೆ ತಂದು 108ಕ್ಕೆ ಫೋನ್ ಮಾಡಿ.

ನಮ್ಮ ಗೀಸರ್ ಈಗ ಹೊರಗಿನ ಗೋಡೆಯ ಮೇಲಿದೆ. ಮನೆ ಮಾಲೀಕರ ಜತೆ ಮಾತಾಡಿ, ಖರ್ಚು ಹಂಚಿಕೊಂಡು ಸರಿಸಿದ್ವಿ. ಕಿಂಡಿಯ ರಟ್ಟನ್ನು ಅವತ್ತೇ ಕಿತ್ತು ಬಿಸಾಕಿದ್ವಿ. ಬೆಳಗ್ಗೆ ತಣ್ಣನೆ ಗಾಳಿ ಬರುತ್ತೆ, ಮೈ ನಡುಗುತ್ತೆ, ಆದ್ರೂ ಯಾರೂ ತಕರಾರು ತೆಗೆದಿಲ್ಲ. ನಲ್ಲಿ ತಿರುವೋ ಮೊದಲು ಹೊರಗೆ ಹೋಗಿ ಉರಿಯ ಬಣ್ಣ ನೋಡಿ ಬರೋ ಕೆಲಸ ಲಿಂಗಸುಗೂರಿನ ಗೆಳೆಯನದು. ಅದನ್ನು ಅವ ಬೇರೆ ಯಾರಿಗೂ ಬಿಟ್ಟುಕೊಡಲ್ಲ.